ನ್ಯೂ ಮೆಕ್ಸಿಕೊ ಮತ್ತು ನನ್ನ ತೆಂಗಿನ ಮರಗಳು

ನನ್ನಂಥ ಪುಕ್ಕಲರಿಗೆ ದೂರದೇಶದ ಚರಿತ್ರೆಯಷ್ಟು ಕ್ಷೇಮವಾದ ಓದು ಇನ್ನೊಂದಿಲ್ಲ. ಅಲ್ಲಿಯವರು ಎಷ್ಟೇ ಕತ್ತಿ ಝಳಪಿಸಿದರೂ ನಮ್ಮ ಹೊನ್ನವಳ್ಳಿಯ ತನಕ ಬರಲಾರರು. ತೆಂಗಿಗೆಲ್ಲ ನುಸಿ ಬಿದ್ದಿದ್ದ ವರ್ಷ, ಒಂದು ಭಾನುವಾರ, ಚರಿತ್ರೆ ಮೇಷ್ಟ್ರಾದ ನಾನು ತಿಪಟೂರಿನ ವಾಚನಾಲಯದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕಥೆ ಹಿಡಿದು ಕೂತಿದ್ದೆ.

ಸ್ಪೇನಿನವರು ಬಂದರು, ಮೂಲನಿವಾಸಿಗಳು ದಂಗೆಯೆದ್ದು ಅವರನ್ನು ಓಡಿಸಿದರು, ಅವರು ಮತ್ತೆ ಬಂದರು. ಆಮೇಲೆ ಮೆಕ್ಸಿಕೊ, ಆಮೇಲೆ ಅಮೆರಿಕ. ಕುರಿ ಸಾಕುವವನೊಬ್ಬನಿಗೆ ಬಯಲಲ್ಲಿ ಏನೋ ಚೂರುಗಳು ಸಿಕ್ಕು, ಹಾರುವ ತಟ್ಟೆಯೇ ಬಿತ್ತೆಂದು ಲೋಕವೆಲ್ಲ ಗುಲ್ಲಾಯಿತು. ಅಲ್ಲಿಯವರೆಗೆ ಸುಖವಾಗಿಯೇ ಓದಿದೆ. ಪುಟ ತಿರುವಿದರೆ, ಅದಕ್ಕೂ ಎರಡು ವರ್ಷ ಮೊದಲು ಅಲ್ಲಿ ನಡೆದ ಜಗತ್ತಿನ ಮೊದಲ ಅಣುಬಾಂಬಿನ ಪರೀಕ್ಷೆ ಬಂತು. ಮರಳೇ ಕರಗಿ ಹಸಿರು ಗಾಜಾಯಿತಂತೆ. ಸುತ್ತಲಿನವರಿಗೆ ಮದ್ದುಗುಂಡಿನ ಉಗ್ರಾಣ ಸಿಡಿಯಿತೆಂದು ಹೇಳಿ ಸಾಗಹಾಕಿದರಂತೆ. ಸೂರಿನ ಮೇಲೆ ಬೂದಿ ಬಿತ್ತು. ಆ ಸೂರಿನಿಂದ ಹಿಡಿದಿಟ್ಟ ಮಳೆನೀರನ್ನೇ ಜನ ಕುಡಿದರು. ಯಾರೂ ಅವರಿಗೆ ಹೇಳಿರಲಿಲ್ಲ.

ನಾನೂ ಹೇಳಿರಲಿಲ್ಲ!

ಮಂಗಳವಾರವಷ್ಟೇ ನುಸಿಗೆಂದು ನನ್ನ ತೋಟದ ಮರಗಳ ಬೇರಿಗೆ ವಿಷದ ಪೊಟ್ಟಣ ಕಟ್ಟಿಸಿದ್ದೆ. ಬೇರು ಹೀರಿದ ವಿಷ ಕಾಯಿಗೂ ಏರುವುದರಿಂದ ಒಂದೂವರೆ ತಿಂಗಳು ಕಾಯಿ ಮುಟ್ಟಬಾರದು. ಗುರುವಾರ ಹುಳಿಯಾರು ಕಡೆಯ ಚಿತ್ತಯ್ಯ ಎಂದಿನಂತೆ ಗೊಬ್ಬರಕ್ಕಾಗಿ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದ. ಮಂದೆ ಇರುವಷ್ಟು ದಿನ ಅವನ ಸಂಸಾರ ಯಾರನ್ನೂ ಕೇಳದೆ ಎಳನೀರು ಕಿತ್ತು ಕುಡಿಯಬಹುದು. ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು.

ಮೊಪೆಡ್ ಹೇಗೆ ಓಡಿಸಿದೆನೋ ಕಾಣೆ. ಬಿಡಾರದ ಮುಂದೆ ಎಳನೀರಿನ ಬುರುಡೆಗಳು ರಾಶಿ ಬಿದ್ದಿದ್ದವು. ಚಿತ್ತಯ್ಯನ ಹೆಂಡತಿ ಹಸುಗೂಸನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ಒರಗಿದ್ದಳು. ಮೊಪೆಡ್ಡನ್ನು ಅಲ್ಲೇ ಕೆಡವಿ ಕೂಗಿದೆ.

"ಚಿತ್ತಯ್ಯ, ಎಳನೀರು ಕುಡುದ್ಬುಟ್ರೇನಪ್ಪಾ?"

ಸದ್ದಿಗೆ ಅವಳು ಕಣ್ಣು ಬಿಟ್ಟು ಸೆರಗು ಸರಿಮಾಡಿಕೊಂಡಳು. ಬರೀ ನಿದ್ದೆ!

"ಪಕ್ಕದ ತೋಟದವು ಕಣ್ ಮೇಷ್ಟ್ರೆ," ಎಂದ ಚಿತ್ತಯ್ಯ. "ನಿಮ್ ಬೇರ್ನಾಗೆ ಪ್ಲಾಸ್ಟಿಕ್ ಕಟ್ಟಿತ್ತಲ್ಲ, ಆ ತೋಟದವ್ರುನ್ನ ಕೇಳ್ದೆ. ಇಸ ಅಂದ್ರು. ನೀವ್ ಬಂದ್ ಹೇಳ್ತೀರೇನೋ ಅಂತ ಮೂರ್ ದಿನದಿಂದ ನೋಡ್ತಿದ್ದೆ."

"ಮರ್ತೋಯ್ತು ಕಣಪ್ಪ," ಎಂದೆ. ಅದು ನಿಜವೇ. ಆದರೂ ಹೇಳುವಾಗ ನಾಚಿಕೆಯಾಯಿತು.

"ಬುಡಿ, ಈಗ್ ಹೇಳುದ್ರಲ್ಲ," ಎಂದು ಅವನು ಕುರಿಗಳತ್ತ ನಡೆದ.

ಮುಂದಿನ ವರ್ಷ, ಔಷಧ ಕಟ್ಟದ ಕಾಲದಲ್ಲಿ, ಅವನು ಮತ್ತೆ ಬಂದ. ಮೊದಲ ಎಳನೀರನ್ನು ಕೆತ್ತಿ ನನ್ನ ಕೈಗೇ ಕೊಟ್ಟ. ಎಂಥ ಮರ್ಯಾದೆ ಎಂದು ನನ್ನ ಹೆಂಡತಿ ಹಿಗ್ಗಿದಳು. ನಾನು ಕೊನೆಯ ಗುಟುಕು ಮುಗಿಸುವವರೆಗೂ ಚಿತ್ತಯ್ಯ ಎರಡನೆಯದಕ್ಕೆ ಮಚ್ಚು ಹಾಕಲಿಲ್ಲ.