ರಿಸಲ್ಟ್ ದಿನದ ಆ ತಪ್ಪು ಖಲೀಲನದಲ್ಲ

ಇಲ್ಲ... ನಂಬಲು ಆಗುತ್ತಿಲ್ಲ.

ಬೆಳಿಗ್ಗೆ ಶಿಡ್ಲಘಟ್ಟದಿಂದ ಖಲೀಲನ ತಮ್ಮನ ಫೋನ್.
"ಅಕ್ಕಾ, ಭಾಯ್ ಹೋಗ್ಬಿಟ್ರು..."
"ಎಲ್ಲಿಗೆ?" ಎಂದು ಕೇಳಿದೆ. ಅಷ್ಟು ಪೆದ್ದಿಯಾಗಿಬಿಟ್ಟಿದ್ದೆ.
ಹಾರ್ಟ್ ಅಟ್ಯಾಕ್ ಅಂತೆ.
ಮೊನ್ನೆ ತಾನೇ ನನ್ನ ಫೋಟೋ ಕೆಳಗೆ "ಆ ಕನ್ನಡಕ ಬದ್ಲಾಯ್ಸಮ್ಮ, ಹೆಡ್‌ಮಿಸ್ ಥರ ಕಾಣ್ತೀಯ" ಎಂದು ಬರೆದಿದ್ದ ಪುಣ್ಯಾತ್ಮ...

ನಮ್ಮ ಹಳೆಯ ಸೆಂಟರಿನ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕುತ್ತಿದ್ದೀರಿ.
ಒಬ್ಬರು ಬರೆದಿದ್ದಾರೆ, "ಒಳ್ಳೆ ಮನುಷ್ಯ, ಆ ರಿಸಲ್ಟ್ ಎಡವಟ್ಟು ಒಂದು ಬಿಟ್ರೆ..."
ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.
ಆ ಎಡವಟ್ಟು ಅವನದಲ್ಲ. ನನ್ನದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತೊಂಬತ್ತರ ದಶಕದ ಕೊನೆ. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್ ಹಿಂದೆ, ಮೆಟ್ಟಿಲು ಹತ್ತಿದರೆ ನಮ್ಮ ಕಂಪ್ಯೂಟರ್ ಸೆಂಟರ್. ನಾನು ಟೈಪಿಂಗ್, ಬೇಸಿಕ್ಸ್ ಹೇಳಿಕೊಡುತ್ತಿದ್ದೆ. ಇಂಟರ್ನೆಟ್ ಎಂಬ ಹೊಸ ದೇವರನ್ನು ನೋಡಿಕೊಳ್ಳುತ್ತಿದ್ದವನು ಖಲೀಲ್.
ಕೀಂಯ್ ಕೀಂಯ್ ಎನ್ನುವ ಮೋಡೆಮ್... ಒಂದು ಪುಟ ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಟೀ ಕುಡಿದು ಬರಬಹುದಿತ್ತು.

ನಾವು ಸೈಟಿನ ಹೆಸರು ಟೈಪ್ ಮಾಡುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅದರ ನಂಬರ್. ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ಏರ್ಪಾಡಿಗೆ ಡಿಎನ್ಎಸ್ ಎನ್ನುತ್ತಾರೆ; ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದುದು ಮೂಲೆಯಲ್ಲಿದ್ದ ಒಂದು ಹಳೆಯ ಮಷೀನ್. ಅದು ಖಲೀಲನ ಪ್ರಾಣ.
ಅವನಿಗೆ ಒಂದೇ ಚಿಂತೆ. ಆ ನಂಬರ್ ಸುಳ್ಳಾಗಿದ್ದರೆ?
ಅದಕ್ಕೆ ಡಿಎನ್ಎಸ್ ಸೆಕ್ಯುರಿಟಿ ಎಂಬ ಹೊಸ ವಿದ್ಯೆ ಬಂದಿದೆ, ಪ್ರತಿ ಉತ್ತರದ ಜೊತೆಗೂ ಕೊಟ್ಟವರ ಡಿಜಿಟಲ್ ಸಹಿ ಬರುತ್ತದೆ ಎಂದು ರಾಶಿ ಪ್ರಿಂಟ್‌ಔಟ್ ಇಟ್ಟುಕೊಂಡು ಓದುತ್ತಿದ್ದ.
"ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಚೀಟಿ ಇಲ್ದೇ ಇರೋ ಲಾಟ್ ನಮ್ಮ ಅಬ್ಬಾ ಮುಟ್ಟಲ್ಲ. ಇಲ್ಲಿ ಮಾತ್ರ ಯಾರು ಕೂಗಿದ್ರೂ ನಂಬ್ಬಿಡ್ಬೇಕಾ?" ಎನ್ನುತ್ತಿದ್ದ.

ನಮ್ಮ ಸೆಂಟರಿನ ನಾಲ್ಕು ಪುಟದ ಸೈಟಿಗೆ ಸಹಿ ಹಾಕಿಯೇ ಬಿಟ್ಟ!
ಅದಕ್ಕೊಂದು ಗುಟ್ಟಿನ ಕೀಲಿ ಬೇಕು. ಕೀಲಿ ಹುಟ್ಟಬೇಕಾದರೆ ಯಾರೂ ಊಹಿಸಲಾಗದ ಹಾಗೆ ಏನೇನೋ ಅಕ್ಷರ ಒತ್ತುತ್ತಿರಬೇಕು. ನನ್ನನ್ನು ಕೂರಿಸಿದ.
ನಾನೋ... ನಾಗವೇಣಿ, ನಾಗವೇಣಿ ಎಂದು ಒತ್ತಿದೆ.
"ಅರೆ, ನಿನ್ ಹೆಸರೇ ಯಾಕಮ್ಮ ಹೊಡೀತೀಯಾ! ಕಳ್ಳನಿಗೆ ಅಡ್ರೆಸ್ ಕೊಡ್ತಿದ್ದೀಯಾ?"
ನಕ್ಕು ನಕ್ಕು ಸುಸ್ತಾಗಿದ್ದೆವು.

ಖಲೀಲ್... ನೀನು ಎಷ್ಟು ಸಲ ಹೇಳಿದ್ದೆ, "ಆ ಮಷೀನಲ್ಲಿ ಕೈಯಾರೆ ನಂಬರ್ ಬರೀಬೇಡ" ಎಂದು.
ಪಿಯುಸಿ ರಿಸಲ್ಟ್ ದಿನ ಮೆಟ್ಟಿಲ ತುಂಬಾ ಮಕ್ಕಳು. ಲೈನ್ ಆಮೆಯ ಹಾಗೆ. ನೀನು ಊಟಕ್ಕೆ ಹೋಗಿದ್ದೆ. ನಾನು ದೊಡ್ಡ ಜಾಣೆಯ ಹಾಗೆ, ಹಿಂದಿನ ವರ್ಷ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದ ರಿಸಲ್ಟ್ ಸೈಟಿನ ನಂಬರನ್ನು ಆ ಮಷೀನಿನೊಳಗೆ ಬರೆದುಬಿಟ್ಟೆ.
ಪುಟ ಬೇಗ ತೆರೆಯಿತು. ಆದರೆ ಆ ಹಳೆಯ ಜಾಗದಲ್ಲಿ ಹಳೆಯ ವರ್ಷದ ಫಲಿತಾಂಶವೇ ಕೂತಿತ್ತು...
ದಿಬ್ಬೂರಹಳ್ಳಿಯಿಂದ ಬಂದಿದ್ದ ಮುನಿರತ್ನ ತನ್ನ ರಿಜಿಸ್ಟರ್ ನಂಬರ್ ಕೊಟ್ಟಳು. ಹಿಂದಿನ ವರ್ಷ ಅದೇ ನಂಬರಿದ್ದ ಯಾರದೋ ರಿಸಲ್ಟ್ ನೋಡಿ, ಫೇಲ್ ಎಂದು ಓದಿ ಹೇಳಿದವಳು ನಾನೇ. ಮೆಟ್ಟಿಲಿಳಿದು ಹೋದಳು.
ನೀನು ಬಂದು ನೋಡಿದವನೇ ಪುಟದ ಮೇಲಿದ್ದ ಇಸವಿಯ ಮೇಲೆ ಬೆರಳಿಟ್ಟೆ.

ಅಲ್ಲೇ ಇದ್ದ ಮಕ್ಕಳಿಗೆ ಮತ್ತೆ ನೋಡಿ ಹೇಳಿದೆವು. ಆ ಹುಡುಗಿ ಮಾತ್ರ ಹೊರಟುಹೋಗಿದ್ದಳು. ನೀನು ಸಿಕ್ಕ ಬಸ್ ಹತ್ತಿ ದಿಬ್ಬೂರಹಳ್ಳಿಗೆ ಓಡಿದೆ.
ಅಷ್ಟರಲ್ಲಿ ಅವಳು ಪುಸ್ತಕಗಳನ್ನೆಲ್ಲ ಕಟ್ಟಿ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳಂತೆ. ನೀನೇ ಹೋಗಿ ಕೇಳಿ, ಹೊತ್ತು ತಂದು, ಜಗಲಿಯ ಮೇಲೆ ಇಟ್ಟು, "ಪಾಸ್ ಕಣಮ್ಮ, ಫಸ್ಟ್ ಕ್ಲಾಸ್" ಎಂದೆಯಂತೆ.

ಮಾರನೆಯ ದಿನ ಅವಳ ಮಾವ ಬಂದು ರೇಗಾಡಿದರು. ಮಾಲೀಕರು ಕೇಳಿದರು, "ಯಾರ್ರೀ ಮಾಡಿದ್ದು?"
ನಾನು ಬಾಯಿ ತೆರೆಯುವ ಮೊದಲೇ ನೀನು "ನಾನೇ ಸಾರ್" ಎಂದುಬಿಟ್ಟೆ.
ಅವತ್ತೇ ನಿನ್ನನ್ನು ಕೆಲಸದಿಂದ ತೆಗೆದರು.
ನಿಜ ಹೇಳಿಬಿಡುತ್ತೇನೆ ಎಂದು ನಾನು ಮೆಟ್ಟಿಲ ಮೇಲೆ ನಿನಗೆ ಅಡ್ಡ ನಿಂತೆ. "ಸುಮ್ನಿರು ನಾಗವೇಣಿ. ಕೆಲ್ಸ ಹೋದ್ರೆ ನಿಮ್ಮಪ್ಪ ನಿನ್ನ ಮನೇಲಿ ಕೂರ್ಸ್ತಾರೆ. ನಂಗೇನು, ನೂಲು ತೆಗೆಯೋ ಕೆಲ್ಸ ಮನೇಲೇ ಇದೆ."
ನಾನು ಸುಮ್ಮನಾದೆ. ಇಷ್ಟು ವರ್ಷ ಸುಮ್ಮನಿದ್ದೆ.
ಅದಕ್ಕೆ ನಿನ್ನ ತ್ಯಾಗ ಎಂದು ಚೆಂದದ ಹೆಸರಿಟ್ಟುಕೊಂಡೆ. ನನ್ನದು ಬರೀ ಹೆದರಿಕೆ.

ಎರಡು ವರ್ಷ ಖಲೀಲ್ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿದ. ಬೆರಳ ತುದಿ ಬೆಳ್ಳಗೆ ಸುಲಿದಿರುತ್ತಿತ್ತು. ಆಮೇಲೆ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು.
ಎಷ್ಟೋ ವರ್ಷಗಳ ಮೇಲೆ ಒಂದು ದಿನ ಫೋನ್ ಮಾಡಿ ಕೂಗಿದ್ದ, "ನಾಗವೇಣಿ, ಡಿಎನ್ಎಸ್ಸಲ್ಲಿ ಎಲ್ಲರಿಗಿಂತ ಮೇಲಿನೋರೂ ಸಹಿ ಹಾಕಿದ್ರಮ್ಮ! ಪೂರ್ತಿ ಪ್ರಪಂಚದ ಇಂಟರ್ನೆಟ್ಟಿಗೇ!"
ಮಗಳ ಮದುವೆ ಗೊತ್ತಾದ ಹಾಗೆ ಖುಷಿಪಟ್ಟಿದ್ದ.
ಆವತ್ತೂ ನಾನು ಆ ಮಾತು ಎತ್ತಲಿಲ್ಲ...

ಇದನ್ನು ಪೋಸ್ಟ್ ಮಾಡುವ ಮೊದಲು ಮುನಿರತ್ನಳಿಗೆ ಫೋನ್ ಮಾಡಿದೆ. ಈಗ ಮುರುಗಮಲ್ಲದ ಹತ್ತಿರ ಟೀಚರ್. ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.
ಅವಳು ಕೇಳಿದ್ದು ಇಷ್ಟೇ,
"ಅವರು ಇದ್ದಾಗ್ಲೇ ಹೇಳ್ಬೋದಿತ್ತಲ್ಲ ಅಕ್ಕ?"



ಖಲೀಲ್, ಹೋಗಿ ಬಾರಪ್ಪ.
ನೀನು ನಂಬಿದ ಆ ಅಲ್ಲಾಹು ನಿನ್ನ ಜೀವವನ್ನು ತಂಪಾಗಿಟ್ಟಿರಲಿ...