ನನ್ನ ಹೆಸರಿನವನ ಮಣ್ಣಿಗೆ ಹೋದದ್ದು

ನನ್ನ ಹೆಸರು ಅಜ್ಜನಿಂದ ಬಂದದ್ದು. ಅಜ್ಜನಿಗೆ ಅವನ ಅಜ್ಜನಿಂದ. ಹೀಗಾಗಿ ಅದು ನನ್ನೊಬ್ಬನ ಸ್ವತ್ತು ಎಂಬ ಭ್ರಮೆ ಎಂದೂ ಇರಲಿಲ್ಲ. ಆದರೂ ನಿವೃತ್ತನಾಗಿ ಬೆಳಗಾವಿಯ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದಾಗ, ಪಾಲುದಾರರು ಇಷ್ಟೊಂದು ಜನ ಎಂದು ತಿಳಿದು ತುಸು ಕಸಿವಿಸಿಯಾಯಿತು. ಒಬ್ಬ ವಕೀಲ. ಒಬ್ಬ ಮದುವೆ ಬ್ಯಾಂಡಿನ ಯಜಮಾನ. ಇನ್ನೊಬ್ಬ ಕಳ್ಳತನದ ಆರೋಪ ಹೊತ್ತು ನನ್ನ ಮನೆಗೆ ಸಮೀಪದಲ್ಲೇ, ಹಿಂಡಲಗಾ ಜೈಲಿನಲ್ಲಿ, ಬಿಡಾರ ಮಾಡಿದ್ದ. ಎಲ್ಲರಿಗಿಂತ ಹಿರಿಯನು ಒಂದು ವೀರಗಲ್ಲಿನ ಮೇಲಿದ್ದ. ಊರ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನು. ಹೆಸರಿನ ಮಾನ ಉಳಿಸಲು ಅವನೊಬ್ಬನಾದರೂ ಇದ್ದನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಖಾನಾಪುರದಲ್ಲೂ ಒಬ್ಬನಿದ್ದ ಎಂದು ಗೊತ್ತಾದದ್ದು ಅವನು ಸತ್ತ ಮೇಲೆ. ಶ್ರದ್ಧಾಂಜಲಿಯ ಚಿತ್ರ ಮಾಡಿದವರಿಗೆ ಅವನ ಫೋಟೊ ಸಿಗಲಿಲ್ಲವೇನೋ. ಹೆಸರು ಹಾಕಿ ಹುಡುಕಿ, ಸಿಕ್ಕ ನನ್ನ ಮುಖಕ್ಕೆ ಹಾರ ಹಾಕಿ, ಎರಡು ದೀಪ ಹಚ್ಚಿ, ಬೆಳಗಾಗುವುದರೊಳಗೆ ತಾಲೂಕಿಗೆಲ್ಲ ಹಂಚಿಬಿಟ್ಟಿದ್ದರು. ನನ್ನ ನಿವೃತ್ತಿ ಸಮಾರಂಭದಲ್ಲಿ ತೆಗೆದ ಫೋಟೊ. ನಗುತ್ತಿದ್ದೆ.

ಅದೇ ತಾಲೂಕಿನ ಬೀಡಿ ಎಂಬ ಊರಿನಲ್ಲಿರುವ ನನ್ನ ತಂಗಿ ಅದನ್ನು ನೋಡಿದಳು. ಅವ್ವ ನನ್ನ ಮನೆಯಲ್ಲಿ ತೀರಿಕೊಂಡಾಗ, ಮಳೆಗೆ ದಾರಿ ಕಟ್ಟಿ ಅವಳು ತಡವಾಗಿ ತಲುಪಿದ್ದಳು. ಅಷ್ಟರಲ್ಲಿ ಹಿರಿಯರು ಮಣ್ಣು ಮಾಡಿ ಮುಗಿಸಿದ್ದರು. ಅವ್ವನ ಮುಖ ಅವಳಿಗೆ ಸಿಗಲಿಲ್ಲ. ಅಂದಿನಿಂದ ನನ್ನ ಹೊಸ್ತಿಲು ತುಳಿದಿರಲಿಲ್ಲ, ಮಾತೂ ಬಿಟ್ಟಿದ್ದಳು. ಈ ಸಲ ತಡವಾಗಬಾರದೆಂದು ಯಾರನ್ನೂ ಕೇಳದೆ ಮೊದಲ ಬಸ್ಸು ಹಿಡಿದಿದ್ದಳು. ಸಾವಿನ ಮನೆಗೆ ಫೋನು ಮಾಡಿ ಸುದ್ದಿ ಖರೆಯೋ ಸುಳ್ಳೋ ಎಂದು ವಿಚಾರಿಸುವ ರೂಢಿ ನಮ್ಮಲ್ಲಿಲ್ಲ.

ಗೇಟಿನಿಂದಲೇ "ಅಣ್ಣಾ" ಎಂದು ಅಳುತ್ತ ಬಂದಳು. ಕೈಯಲ್ಲಿ ಹಾರ. ನಾನು ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದೆ.

ಅಳು ಅಲ್ಲೇ ನಿಂತಿತು. ಅವಳು ಬಾಗಿಲಿಗೆ ಬಂದ ನನ್ನ ಹೆಂಡತಿಯ ಕಡೆ ತಿರುಗಿದಳು.

"ವೈನಿ, ಇಂವಾ ಅದಾನಲ್ರಿ."

"ಅದಾರವಾ. ಸತ್ತಾವರು ಇವರ ಹೆಸರಿನವರಂತ, ಖಾನಾಪುರದಾಗ. ಮುಂಜಾನಿಂದ ಬರೇ ಫೋನ. ಒಳಗ ಬಾ, ನೀರ ಕುಡಿ."

"ಒಲ್ಲೆರಿ."

"ತಂದ ಹಾರ ನನಗ ಹಾಕೇ ಹೋಗವಾ," ಎಂದೆ ನಾನು, ನಗಿಸೋಣವೆಂದು.

"ವೈನಿ, ಅವಗ ಬಾಯಿ ಮುಚ್ಚಾಕ ಹೇಳ್ರಿ."

ಸತ್ತವರಿಗೆಂದು ತಂದ ಹಾರವನ್ನು ಹಿಂದಕ್ಕೆ ಒಯ್ಯುವಂತಿಲ್ಲ, ಬದುಕಿದವರ ಮನೆಯಲ್ಲಿ ಇಡುವಂತೆಯೂ ಇಲ್ಲ. ಅದು ಸಲ್ಲಬೇಕಾದವರಿಗೇ ಸಲ್ಲಲಿ ಎಂದು ಹೆಂಡತಿ ತೀರ್ಪು ಕೊಟ್ಟಳು. ಖಾನಾಪುರ ತಂಗಿಯ ಊರಿನ ದಾರಿಯೇ. ನಾನೂ ಬಸ್ಸು ಹತ್ತಿದೆ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಅವಳನ್ನು ಹೇಗಾದರೂ ಮಾಡಿ ಮನೆಗೆ ಕರೆಯಬೇಕು, ಇನ್ನೊಂದು ಅವಕಾಶ ಸಿಗಬೇಕಾದರೆ ನಾನು ಖರೇನೇ ಸಾಯಬೇಕಾದೀತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ.

ಆ ಮನೆಯ ಅಂಗಳದಲ್ಲಿ ನನ್ನ ಹೆಸರಿನವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ನನಗಿಂತ ಸಣಕಲು ಮನುಷ್ಯ. ತಂಗಿ ಹಾರ ಹಾಕಿದಳು. ಇನ್ನು ತಿರುಗಿ ಬರುತ್ತಾಳೆಂದುಕೊಂಡೆ. ಅವಳು ಅವನ ಮುಂದೆ ಕುಸಿದು ಕೂತು, ನಮ್ಮ ಕಡೆಯ ಹೆಂಗಸರು ಸತ್ತವರ ಗುಣ ಹೇಳಿಕೊಂಡು ಹಾಡಿ ಅಳುವಂತೆ ಅಳತೊಡಗಿದಳು.

"ಸಾಲಿಗೆ ಹೋಗಾಗ ಹೆಗಲ ಮ್ಯಾಲ ಹೊತ್ತ ಹೊಳಿ ದಾಟಿಸಿದ್ಯೋ ನನ್ನಣ್ಣಾ! ನಿನ್ನ ಪಾಲಿನ ಬೆಲ್ಲಾನೂ ನನಗ ಕೊಟ್ಯೋ! ಅವ್ವನ ಮಾರಿ ತೋರಿಸಲಿಲ್ಲಲ್ಲೋ, ನಾ ಬರೂತನಕ ಕಾಯಲಿಲ್ಲಲ್ಲೋ ನನ್ನಣ್ಣಾ!"

"ಇವರ ಯಾರ್ರೀ?" ಎಂದು ಬಾಜು ನಿಂತವರು ನನ್ನನ್ನು ಕೇಳಿದರು.

"ತಂಗಿ," ಎಂದೆ.

ಯಾರ ತಂಗಿ ಎಂದು ಅವರು ಕೇಳಲಿಲ್ಲ. ಅವಳ ಅಳುವಿಗೆ ಆ ಮನೆಯ ಹೆಂಗಸರೂ ದನಿಗೂಡಿಸಿದರು. ನನಗೆ ಬರಬೇಕಾದ ಅಳುವೆಲ್ಲ ಗುರುತಿಲ್ಲದ ಮನುಷ್ಯನೊಬ್ಬನಿಗೆ ಸಲ್ಲುತ್ತಿತ್ತು. ಅವನೂ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ನಾನು ಕಂಬದ ಮರೆಗೆ ಸರಿದು ಕೊನೆಯವರೆಗೂ ಕೇಳಿಸಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಬೀಡಿಯ ಬಸ್ಸು ಹೊರಡಲು ನಿಂತಿತ್ತು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಹಬ್ಬಕ್ಕರ ಮನಿಗಿ ಬಾರವಾ," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಂದು ಮೊದಲ ಸಲ ನನ್ನನ್ನೇ ನೋಡಿ ಹೇಳಿದಳು:

"ನಿನ್ನ ಸಲುವಾಗಿ ಅಳೂದು ಮುಗಿಸೇನಿ. ಇನ್ನ ಯಾಕ ಬರ್ಲಿ?"

ಬಸ್ಸು ಹತ್ತಿ ಆಚೆ ಬದಿಯ ಕಿಟಕಿಯ ಪಕ್ಕ ಕೂತಳು.