ನಾಯಿ ಇಂಜಿನಿಯರ್

ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ ನಮ್ಮನ್ನೆಲ್ಲ ಮೂರು ತಿಂಗಳ ತರಬೇತಿಗೆಂದು ಬೇರೆ ಬೇರೆ ಕಡೆ ಕಳಿಸಿದರು. ಜೊತೆಯವರು ದೂರದ ಕಾರ್ಖಾನೆಗಳಿಗೂ ಅಣೆಕಟ್ಟುಗಳಿಗೂ ಹೊರಟರು. ನನಗೆ ಸಿಕ್ಕಿದ್ದು ಮನೆಯಿಂದ ಒಂದು ಬಸ್ಸಿನ ದೂರದ ನೆಟ್ಟಣ. ಅರುವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅಲ್ಲಿ ಹೊಸ ರೈಲುದಾರಿಯ ಕೆಲಸ ನಡೆಯುತ್ತಿತ್ತು. ಉತ್ತರದ ದೊಡ್ಡ ಕಂಪೆನಿಯೊಂದು ಸೇತುವೆಯ ಗುತ್ತಿಗೆ ಹಿಡಿದು, ಕಾಡು ಕಡಿದು, ತಗಡಿನ ಶೆಡ್ಡುಗಳ ಒಂದು ಊರನ್ನೇ ಎಬ್ಬಿಸಿತ್ತು.

ಕಡಬದಲ್ಲಿ ನನ್ನ ತಂದೆಗೆ, ನಮ್ಮ ಮಾತಿನಲ್ಲಿ ಉಪ್ಪನಿಗೆ, ಒಣಮೀನು, ಉಪ್ಪು, ಬೆಲ್ಲದ ಅಂಗಡಿ. ನಾನು ಹೊರಡುವ ಮೊದಲೇ ಸುದ್ದಿ ಸಂತೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಿತ್ತು. ಗಿರಾಕಿಗಳಿಗೆ ಮೀನು ಕಟ್ಟಿಕೊಡುತ್ತಾ ಉಪ್ಪ ಹೇಳುತ್ತಿದ್ದರು: "ಮಗ ಸೇತುವೆ ಕಟ್ಟಲಿಕ್ಕೆ ಹೋಗುದು. ರೈಲಿನ ಸೇತುವೆ."

"ಕಟ್ಟುದಲ್ಲ ಉಪ್ಪ, ನೋಡಿ ಕಲಿಯುದು," ಎಂದೆ.

"ಕಲಿತರೆ ಕಟ್ಟಿದ ಹಾಗೇ ಅಲ್ವಾ?" ಎಂದು ನಕ್ಕುಬಿಟ್ಟರು. ನಮ್ಮ ಕುಟುಂಬದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೊಬ್ಬನೇ. ಪುತ್ತೂರಿಗೆ ಕರೆದುಕೊಂಡು ಹೋಗಿ ಬೂಟು ಕೊಡಿಸಿದರು. ಅಂಗಡಿಯವನಲ್ಲೂ ಸೇತುವೆಯ ಮಾತು ಹೇಳಿದರು.

ನೆಟ್ಟಣದಲ್ಲಿ ಮುಖ್ಯ ಇಂಜಿನಿಯರ್ ಪಂಜಾಬಿನ ಕಡೆಯ ಎತ್ತರದ ಮನುಷ್ಯ. ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ನನ್ನ ಪತ್ರ ಓದಿ, ಇಂಗ್ಲಿಷಿನಲ್ಲಿ "ನೋಡ್ತಾ ಇರು" ಎಂದು ಹೊರಟುಹೋದರು. ನೋಡುತ್ತಾ ನಿಂತೆ. ಕಾಂಕ್ರೀಟು ಕಲಸುವಲ್ಲಿ ನಿಂತರೆ ಮಲಯಾಳಿ ಮೇಸ್ತ್ರಿ ಆಚೆ ಹೋಗೆಂದು ಕೈಬೀಸುತ್ತಿದ್ದ. ನಕ್ಷೆ ಹರಡಿದ ಮೇಜಿನ ಹತ್ತಿರ ಸುಳಿದರೆ ಗುಮಾಸ್ತ ನಕ್ಷೆಯನ್ನು ಸುತ್ತಿಡುತ್ತಿದ್ದ. ಅಷ್ಟೊಂದು ಜನ ಬೆವರು ಸುರಿಸುವ ಜಾಗದಲ್ಲಿ ಹೊಸ ಬೂಟು ಹಾಕಿಕೊಂಡು ಕೈಕಟ್ಟಿ ನಿಲ್ಲುವುದಕ್ಕಿಂತ ಕಲ್ಲು ಹೊರುವುದು ಸುಲಭ. ಎಷ್ಟೋ ಸಲ ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಏನೋ ಅವಸರ ಇದ್ದವನ ಹಾಗೆ ನಡೆಯುತ್ತಿದ್ದೆ.

ಇಂಜಿನಿಯರರ ಹೆಂಡತಿಗೆ ಒಂದು ನಾಯಿಯಿತ್ತು. ಕಂದುಬಣ್ಣದ, ಜೋಲುಕಿವಿಯ, ಕರುವಿನಷ್ಟು ದೊಡ್ಡ ನಾಯಿ. ಒಂದು ಬೆಳಿಗ್ಗೆ ಬಂಡೆಗೆ ಮದ್ದಿಟ್ಟು ಸೀಟಿ ಊದಿದ ಮೇಲೆ ಅದು ಸರಪಳಿ ತಪ್ಪಿಸಿಕೊಂಡು ನೇರ ಬಂಡೆಯತ್ತ ಓಡಿತು. ಎಲ್ಲರಿಗೂ ಅವರವರ ಕೆಲಸವಿತ್ತು, ನನಗಿರಲಿಲ್ಲ. ಓಡಿಹೋಗಿ ಕೊರಳಪಟ್ಟಿ ಹಿಡಿದು ಎಳೆದು ತಂದೆ. ಆಕೆ ಅಳುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮರುದಿನ ಶೆಡ್ಡಿಗೆ ಆಳು ಬಂದ. "ಅಮ್ಮ ಕರೀತಾರೆ."

ಹಾಗೆ ಶುರುವಾಯಿತು. ಬೆಳಿಗ್ಗೆ ಅದನ್ನು ಸುತ್ತಾಡಿಸುವುದು, ಉಣ್ಣಿ ಹೆಕ್ಕುವುದು, ತೋಡಿಗೆ ಕರೆದೊಯ್ದು ಸಾಬೂನು ಹಾಕಿ ಮೀಯಿಸುವುದು. ನನ್ನ ತರಬೇತಿ ಮುಗಿಯಿತೆಂದು ಬರೆದುಕೊಡಬೇಕಾದವರು ಇದೇ ಇಂಜಿನಿಯರ್. ಬೇಡವೆನ್ನಲು ನನ್ನ ಇಂಗ್ಲಿಷೂ ಸಾಲಲಿಲ್ಲ, ಎದೆಯೂ ಸಾಲಲಿಲ್ಲ. ಆ ಅಮ್ಮ ದಿನವೂ ಚಹಾ, ಬಿಸ್ಕೀಟು ಕೊಟ್ಟು ಮಗನ ಹಾಗೆ ಮಾತಾಡಿಸುತ್ತಿದ್ದರು. ಗದರಿಸಿದ್ದರೆ ಬಿಟ್ಟು ಬರುತ್ತಿದ್ದೆನೋ ಏನೋ.

ಕೆಲಸದವರು ನನಗೆ ಹೆಸರಿಟ್ಟರು: ನಾಯಿ ಇಂಜಿನಿಯರ್.

ನಮ್ಮ ಬ್ಯಾರಿ ಮುಸ್ಲಿಮರಲ್ಲಿ ನಾಯಿಯ ಒದ್ದೆ ಮೈ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಕಲಸಿದ ನೀರಿನಿಂದ. ಬಟ್ಟೆಗೆ ತಾಗಿದರೆ ಬಟ್ಟೆಯನ್ನೂ. ಬಂಡೆ ಒಡೆಯುವ ತಂಡದಲ್ಲಿ ಮಲಬಾರಿನ ಮಾಪಿಳ್ಳೆಗಳು ಕೆಲವರಿದ್ದರು. ಸಂಜೆ ಶೆಡ್ಡಿನ ಹಿಂದೆ ಚಾಪೆ ಹಾಸಿ ಸಾಲಾಗಿ ನಮಾಜಿಗೆ ನಿಲ್ಲುತ್ತಿದ್ದರು. ಮೊದಮೊದಲು ನಾನೂ ಅವರ ಜೊತೆ ನಿಂತೆ. ನಾಯಿಯ ಕೆಲಸ ಶುರುವಾದ ಮೇಲೂ ತೊಳೆದುಕೊಂಡೇ ಹೋದೆ. ಪಕ್ಕದಲ್ಲಿದ್ದವನು ತನ್ನ ಚಾಪೆಯನ್ನು ಒಂದು ಗೇಣು ಆಚೆ ಎಳೆದುಕೊಂಡ. ಮರುದಿನದಿಂದ ನಾನು ಒಬ್ಬನೇ, ಸಿಮೆಂಟಿನ ಚೀಲಗಳ ಮರೆಯಲ್ಲಿ ನಿಂತೆ.

ಅರ್ಧದಷ್ಟು ದಿನ ಕಳೆದಿರಬೇಕು. ಹೇಳದೆ ಕೇಳದೆ ಉಪ್ಪ ಬಂದರು. ಒಬ್ಬರೇ ಬಂದಿದ್ದರೂ ಆಗುತ್ತಿತ್ತು. ಜೊತೆಗೆ ಕೊಲ್ಲಮೊಗ್ರಿನ ಗೌಡರು. ಎಷ್ಟೋ ವರ್ಷಗಳಿಂದ ತಮ್ಮ ಕಾಳುಮೆಣಸನ್ನು ಉಪ್ಪನಿಗೇ ಕೊಡುತ್ತಿದ್ದವರು, ನನ್ನನ್ನು ತೊಟ್ಟಿಲಲ್ಲಿ ನೋಡಿದವರು. ಮಗನ ಸೇತುವೆ ತೋರಿಸುತ್ತೇನೆಂದು ಉಪ್ಪ ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದಿದ್ದರು.

ಆಮೇಲೆ ಗೌಡರ ಬಾಯಿಂದಲೇ ಕೇಳಿದ್ದು: ಅವರು ದಾರಿಯಲ್ಲಿ ಕಲ್ಲು ಒಡೆಯುತ್ತಿದ್ದವನಲ್ಲಿ, "ಕಡಬದ ಇಂಜಿನಿಯರ್ ಎಲ್ಲಿದ್ದಾರೆ ಮಾರಾಯ?" ಎಂದು ಕೇಳಿದರಂತೆ.

ಅವನು, "ಕಡಬದ್ದಾ? ಓ, ನಾಯಿ ಇಂಜಿನಿಯರಾ! ತೋಡಿನ ಹತ್ರ ಹೋಗಿ, ಮೀಯಿಸ್ತಾ ಇರ್ತಾನೆ," ಎಂದನಂತೆ.

ನಾನು ಮೊಣಕಾಲುದ್ದ ನೀರಿನಲ್ಲಿದ್ದೆ. ಪ್ಯಾಂಟು ಮಡಚಿ, ಅಂಗಿ ಕಳಚಿ, ನಾಯಿಯ ಹೊಟ್ಟೆಯಡಿಗೆ ಸಾಬೂನು ತಿಕ್ಕುತ್ತಿದ್ದೆ. ತಲೆಯೆತ್ತಿದರೆ ದಡದಲ್ಲಿ ಉಪ್ಪ. ಶುಕ್ರವಾರ ಮಸೀದಿಗೆ ಉಡುವ ಬಿಳಿ ಮುಂಡು, ಬಿಳಿ ಅಂಗಿ, ಕೈಯಲ್ಲಿ ಉಮ್ಮ ಕಟ್ಟಿಕೊಟ್ಟ ಬುತ್ತಿ. ಹೊಸಬರನ್ನು ಕಂಡ ಸಂತೋಷಕ್ಕೆ ನಾಯಿ ನನ್ನ ಕೈಯಿಂದ ಜಾರಿ ದಡಕ್ಕೆ ಹಾರಿ, ಅವರೆದುರು ನಿಂತು ಇಡೀ ಮೈ ಕೊಡವಿತು. ಸಾಬೂನಿನ ನೀರು ಉಪ್ಪನ ಮುಂಡಿನ ಮೇಲೆಲ್ಲ ಸಿಡಿಯಿತು.

ಉಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ. ನನಗೆ ನೀರಿನಿಂದ ಮೇಲೆ ಬರಲಾಗಲಿಲ್ಲ, ಅಲ್ಲೇ ಮುಳುಗಲು ಆಳವೂ ಇರಲಿಲ್ಲ.

ಮೊದಲು ಮಾತಾಡಿದವರು ಗೌಡರು. "ಒಳ್ಳೆ ಜಾತಿ ನಾಯಿ. ಹಂದಿ ಶಿಕಾರಿಗೆ ಆದೀತು," ಎಂದು, ನಾಯಿಯನ್ನು ಹಿಡಿದು ಒಂದು ಮರಕ್ಕೆ ಕಟ್ಟಿದರು. ಕಟ್ಟಿದವರು ನಮ್ಮ ಕಡೆ ತಿರುಗದೆ ಅದರ ಕಿವಿ ನೋಡುತ್ತಾ ಅಲ್ಲೇ ನಿಂತರು.

ಉಪ್ಪ ಬುತ್ತಿಯನ್ನು ಒಣಗಿದ ಕಲ್ಲಿನ ಮೇಲಿಟ್ಟು ಕೇಳಿದರು: "ಉಂಡಾಯ್ತಾ?"

"ಇಲ್ಲ."

ಮುಂಡು ಎತ್ತಿಕಟ್ಟಿ ನೀರಿಗಿಳಿದರು. ದಡದಿಂದ ಒಂದು ಹಿಡಿ ಮಣ್ಣು ತೆಗೆದು, ನನ್ನ ಕೈಗಳನ್ನು ಹಿಡಿದು, ಮೊಣಕೈವರೆಗೆ ಉಜ್ಜತೊಡಗಿದರು. ಬೊಗಸೆಯಲ್ಲಿ ನೀರು ಹೊಯ್ದರು. ಬಾಯಲ್ಲೇ ಎಣಿಸುತ್ತಿದ್ದರು. ಚಿಕ್ಕಂದಿನಲ್ಲಿ ಬೀದಿನಾಯಿ ನೆಕ್ಕಿದ್ದಾಗ ಬಾವಿಕಟ್ಟೆಯಲ್ಲಿ ಹೀಗೇ ಎಣಿಸಿ ತೊಳೆದಿದ್ದರು. ಆಗ ಕಿವಿಯನ್ನೂ ಹಿಂಡಿದ್ದರು. ಈಗ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮತ್ತೆ ತಮ್ಮ ಮುಂಡಿಗೆ ನೀರು ಸಿಡಿದಲ್ಲೆಲ್ಲ ತೊಳೆದುಕೊಂಡರು.

ಅಷ್ಟರಲ್ಲಿ ನಾಯಿಯನ್ನು ಹುಡುಕುತ್ತಾ ಆ ಅಮ್ಮ ಬಂದರು. ನನ್ನ ತಂದೆಯೆಂದು ತಿಳಿದು ಅವರಿಗೆ ನಿಜವಾಗಿಯೂ ಖುಷಿಯಾಯಿತು. ಮಗ ತುಂಬ ಒಳ್ಳೆಯವನು, ಇವನ ಹಾಗೆ ನಮ್ಮ ನಾಯಿಯನ್ನು ಯಾರೂ ನೋಡಿಕೊಂಡಿಲ್ಲ, ಎಂದರು.

"ಎಂತ ಹೇಳ್ತಾರೆ?" ಉಪ್ಪ ಕೇಳಿದರು.

ನಾನು ಬ್ಯಾರಿ ಭಾಷೆಗೆ ತಿರುಗಿಸಿ ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ.

ಉಪ್ಪ ತಲೆಯಾಡಿಸಿದರು. "ಸೇತುವೆ ನೋಡಬಹುದಾ ಅಂತ ಕೇಳು."

ಧಾರಾಳವಾಗಿ ನೋಡಲಿ, ನೀನೇ ಎಲ್ಲ ವಿವರಿಸು ಎಂದು ಆಕೆ ನಾಯಿಯನ್ನು ಕರೆದುಕೊಂಡು ಹೋದರು. ಒದ್ದೆ ಪ್ಯಾಂಟಿನಲ್ಲೇ ಅವರಿಬ್ಬರನ್ನೂ ಸೇತುವೆಯ ಕಡೆ ನಡೆಸಿದೆ. ಕಂಬಗಳು ಆಳೆತ್ತರ ದಾಟಿ ಎದ್ದಿದ್ದವು. ಗೌಡರು ಕೊರಳು ಹಿಂದಕ್ಕೆ ಬಾಗಿಸಿ ನೋಡಿದರು.

"ಇದು ಅಡಿಯಲ್ಲಿ ಎಷ್ಟು ಆಳಕ್ಕೆ ಹೋಗಿ ಉಂಟು ಮಗಾ?"

ನನಗೆ ಗೊತ್ತಿರಲಿಲ್ಲ. ಅದರ ಅಡಿಪಾಯ ಅಗೆಯುವಾಗ ನಾನು ಉಣ್ಣಿ ಹೆಕ್ಕುತ್ತಿದ್ದೆ. ಮೇಸ್ತ್ರಿ ಹತ್ತಿರವೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಒಂದು ಅಂಕಿ ಹೇಳಿಬಿಡೋಣವೆಂದರೆ ಅವನ ಮುಖ ನೋಡಿ ನಾಲಗೆ ಏಳಲಿಲ್ಲ.

"ಆಳ ಉಂಟು," ಎಂದೆ.

"ಇರಬೇಕಲ್ಲ," ಎಂದರು ಗೌಡರು. "ರೈಲು ಹೋಗುದಲ್ವಾ." ಉಪ್ಪ ಕಂಬವನ್ನು ಅಂಗೈಯಿಂದ ಒಮ್ಮೆ ತಟ್ಟಿ ನೋಡಿ, ನೆರಳಿಗೆ ಹೋಗಿ ಕುಳಿತರು. ಮೂವರೂ ಬುತ್ತಿ ಬಿಚ್ಚಿ ಅಕ್ಕಿಹಿಟ್ಟಿನ ಪತ್ತಿರಿ, ಕೋಳಿಸಾರು ತಿಂದೆವು. ಮೀನಿನ ದರದ ಬಗ್ಗೆ ಅವರಿಬ್ಬರೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದರು.

ಬಸ್ಸು ಬರುವ ಹೊತ್ತಿಗೆ ಉಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ಸಾಮಾನು ಕಟ್ಟು, ಹೊರಡು ಎನ್ನಬಹುದೆಂದು ನಾನು ಕಾದೆ; ಹಾಗೆ ಹೇಳಲೆಂದು ಆಸೆಪಟ್ಟೆ.

"ಮುಗಿಸಿಯೇ ಬಾ," ಎಂದರು. ಖಾಲಿ ಬುತ್ತಿ ಎತ್ತಿಕೊಳ್ಳುತ್ತಾ, "ಉಮ್ಮನಲ್ಲಿ ಹೇಳುದು ಬೇಡ."

ಉಳಿದ ದಿನಗಳನ್ನು ಹಾಗೇ ಮುಗಿಸಿದೆ. ಹೊರಡುವ ದಿನ ನಾಯಿ ಶೆಡ್ಡಿನ ಬಾಗಿಲಿಗೆ ಬಂದು ಕುಳಿತಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅದರ ಒಣಗಿದ ತಲೆಯನ್ನು ಸವರಿದೆ. ಅದರ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಅದಕ್ಕೂ ನಾಚಿಕೆಯಾಯಿತು.

ಮನೆಗೆ ಬಂದ ಮೇಲಿನ ಸಂತೆಯ ದಿನ ಉಪ್ಪ ನನ್ನನ್ನು ಅಂಗಡಿಯಲ್ಲಿ ಕೂರಿಸಿದರು. ಗಿರಾಕಿಗಳು ತುಂಬಿದ್ದರು. ಒಬ್ಬರು ಕೇಳಿಯೇಬಿಟ್ಟರು: "ಎಂತ ಸಾವ್ಕಾರ್ರೆ, ಮಗನ ಸೇತುವೆ ಎಲ್ಲಿಗೆ ಮುಟ್ಟಿತು?"

ಉಪ್ಪನ ಕೈ ತಕ್ಕಡಿಯ ಮೇಲೆ ನಿಂತಿತು. "ನನ್ನಲ್ಲಿ ಯಾಕೆ ಕೇಳುದು? ಗೌಡ್ರು ಕಣ್ಣಾರೆ ನೋಡಿದ್ದಾರೆ, ಅವರಲ್ಲೇ ಕೇಳಿ."

ಮೂಲೆಯಲ್ಲಿ ಬೆಲ್ಲ ಆರಿಸುತ್ತಿದ್ದ ಗೌಡರು ತಲೆಯೆತ್ತಿದರು. ನನ್ನನ್ನು ನೋಡಲಿಲ್ಲ. "ಹೌದು, ನೋಡಿದ್ದೇನೆ. ಬೂಟು ಹಾಕಿ ಬದಿಯಲ್ಲಿ ನಿಲ್ಲುವ ಇಂಜಿನಿಯರಲ್ಲ ಮಾರಾಯ್ರೆ ಇವ. ನಾವು ಹೋಗುವಾಗ ನೀರಿಗೆ ಇಳಿದು ಕೆಲಸ ಮಾಡ್ತಾ ಇದ್ದ."

ಜನ ಮೆಚ್ಚಿ ನನ್ನ ಕಡೆ ತಿರುಗಿದರು. ನಾನು ಏನೋ ತರುವವನ ಹಾಗೆ ಎದ್ದು ಒಳಗೆ ಹೋದೆ. ಒಣಮೀನಿನ ಗೋಣಿಗಳ ನಡುವೆ ಕತ್ತಲಲ್ಲಿ ನಿಂತಿದ್ದೆ. ಹೊರಗೆ ಉಪ್ಪ ಮತ್ತೆ ತೂಗಲು ಶುರುಮಾಡಿದ ಸದ್ದು ಕೇಳಿತು. ಎಷ್ಟೋ ಹೊತ್ತು ನನ್ನನ್ನು ಯಾರೂ ಕರೆಯಲಿಲ್ಲ.